ಊರಲ್ಲಿಲ್ಲದವನ ತಲೆಕಾಸು

ಗ್ಲಾಸ್ಗೊ
23 ಏಪ್ರಿಲ್ 1989, ಭಾನುವಾರ

ಅಕ್ಕ ಈನಿಡ್,

ಕೊಡುತ್ತೇವೆ ಎಂದದ್ದು ಏನು, ಕೊಡದೆ ಹೋದದ್ದು ಏನು, ಮೊದಲು ಅದನ್ನು ಬರೆದುಬಿಡುತ್ತೇನೆ. ಕ್ಷೇಮಸಮಾಚಾರ ಆಮೇಲೆ.

ಮೊದಲನೇ ಯುದ್ಧ ಮುಗಿಸಿ ಬಂದ ಅಪ್ಪನಿಗೆ ಸ್ವಂತ ಮನೆ ಎಂದರು. ಸಿಕ್ಕಿದ್ದು ಧಣಿಯ ಮನೆ. ಧಣಿಯ ಕುದುರೆ ಹೂಡುವ ತನಕ ಮಾತ್ರ ಸೂರು. ಅಪ್ಪ ಸತ್ತರೂ ಅವ್ವ ಇರುವವರೆಗೆ ಬಿಡಿಸುವುದಿಲ್ಲ ಎಂದರು. ಅಪ್ಪನ ಗೋರಿಯ ಮಣ್ಣು ಆರುವ ಮೊದಲೇ ಎರಡು ವಾರದ ನೋಟಿಸು ಬಂತು. ನನಗೆ ಇಲ್ಲಿ ಹಡಗುಕಟ್ಟೆಯಲ್ಲಿ ಅರವತ್ತೈದರ ತನಕ ಕೆಲಸ ಎಂದರು. ಐವತ್ತೊಂದಕ್ಕೆ ಗೇಟಿಗೆ ಬೀಗ ಬಿತ್ತು. ಈಗ ಹೇಳುತ್ತಿದ್ದಾರೆ, ಧಣಿಗೂ ನಿನಗೂ ಒಂದೇ ದರ, ತಲೆಗಿಷ್ಟು, ಇದಕ್ಕಿಂತ ನ್ಯಾಯ ಬೇಕೇ ಎಂದು. ನಾನೂ ನಿಮಗೊಂದು ಮಾತು ಕೊಟ್ಟಿದ್ದೆ. ಅದನ್ನು ಈ ಪಟ್ಟಿಗೆ ಸೇರಿಸುತ್ತಿಲ್ಲ. ನಿನಗೆ ಗೊತ್ತೇ ಇದೆ.

ಮೂವತ್ತನಾಲ್ಕು ವರ್ಷ ಕ್ರಿಸ್‌ಮಸ್ಸಿಗೊಂದು ಕಾರ್ಡು ಬಿಟ್ಟರೆ ಬೇರೆ ಕಾಗದ ಹಾಕದವನು ಈಗೇಕೆ ಬರೆಯುತ್ತಾನೆ ಎಂದು ನೀನು ಕೇಳಬಹುದು. ಈ ತಲೆಗಂದಾಯ ಸ್ಕಾಟ್ಲೆಂಡಿಗೆ ಈ ತಿಂಗಳು ಬಂತು. ನಿಮ್ಮ ಕಡೆಗೆ ಬರುವ ವರ್ಷ. ಸರ್ಕಾರ ಇದಕ್ಕೆ ‘ಸಮುದಾಯ ಶುಲ್ಕ’ ಎಂದು ಹೆಸರಿಟ್ಟಿದೆ. ಯಾರ ಬಾಯಲ್ಲೂ ಆ ಹೆಸರು ನಿಲ್ಲುತ್ತಿಲ್ಲ, ಎಲ್ಲರೂ ಪೋಲ್ ಟ್ಯಾಕ್ಸ್ ಎನ್ನುತ್ತಾರೆ. ಒಂದೇ ಮೆಟ್ಟಿಲು ಹತ್ತುವ ನಮ್ಮ ಕಟ್ಟಡದಲ್ಲಿ ಎಂಟು ಸಂಸಾರ, ಎಂಟೂ ಕಟ್ಟುವುದಿಲ್ಲ. ಬೀದಿಯ ಸಂಘಕ್ಕೆ ನಾನು ಅಧ್ಯಕ್ಷ, ಎದುರು ಮನೆಯ ವಿಧವೆ ರೀನಾ ಮೆಕ್‌ಗಾರ್ವಿ ಕಾರ್ಯದರ್ಶಿ. ಹೊಸಬರಿಗೆ ನಾನು ಹೇಳುವುದು ನಮ್ಮ ಕತೆಯನ್ನೇ: ಇಪ್ಪತ್ತೈದರ ವಯಸ್ಸಿನಲ್ಲಿ ಬಂಗಲೆಯ ಗೇಟಿಗೆ ಒಂದು ಕರಪತ್ರ ಅಂಟಿಸಿದೆ, ಕೆಲಸ ಹೋಯಿತು, ಊರು ಹೋಯಿತು, ಆದರೆ ಧಣಿ ಹೆದರಿ ನೋಟಿಸು ಹಿಂದಕ್ಕೆ ತೆಗೆದುಕೊಂಡ, ನನ್ನ ಅವ್ವ, ಅಕ್ಕ ಅದೇ ಸೂರಿನ ಕೆಳಗೆ ಉಳಿದರು. ಈ ಕತೆ ಕೇಳಿದ ಮೇಲೆ ಜನ ಸಹಿ ಹಾಕುತ್ತಾರೆ.

ನಿನ್ನ ಬಾಗಿಲಿಗೂ ಒಂದು ಫಾರಂ ಬರುತ್ತದೆ. ‘ಈ ಮನೆಯಲ್ಲಿರುವ ವಯಸ್ಕರ ಹೆಸರು ಬರೆಯಿರಿ’ ಎಂದಿರುತ್ತದೆ. ಬರೆಯಬೇಡ. ಒಲೆಗೆ ಹಾಕು. ಅವ್ವ ರಸ್ಕು ಸುಡುತ್ತಿದ್ದ ಆ ಒಲೆ ಇನ್ನೂ ಇದೆಯೇ? ಬಿಸಿಯಿರುವಾಗಲೇ ಕೈಯಲ್ಲಿ ಎರಡು ಹೋಳು ಮಾಡಿ, ಒಳಮೈ ಕೆಂಪಗಾಗುವಂತೆ ಮತ್ತೆ ಒಲೆಗೆ ಇಡುತ್ತಿದ್ದಳು. ಇಲ್ಲಿ ಬೇಕರಿಯವನನ್ನು ಕೇಳಿದರೆ ಅವನು ಕೊಡುವ ರಸ್ಕು ಹಲ್ಲು ಬಾರದ ಕೂಸುಗಳದು.

ಕ್ಲೆಮ್


ಬ್ರಾಕ್‌ಸ್ಟೆಡ್, ಸಫೊಕ್
11 ಜೂನ್ 1989

ಕ್ಲೆಮ್,

ಕ್ಷೇಮಸಮಾಚಾರ ಆಮೇಲೆ ಎಂದು ಬರೆದಿದ್ದೆ. ಆಮೇಲೂ ಬರೆದಿಲ್ಲ. ನಾನು ಚೆನ್ನಾಗಿದ್ದೇನೆ, ಎಡಗಡೆಯ ಮೊಣಕಾಲೊಂದನ್ನು ಬಿಟ್ಟು.

ಒಲೆ ಇದೆ. ಹತ್ತೆಕರೆ ಹೊಲದ ಬೇಲಿ ಇಲ್ಲ, ಕಿತ್ತುಹಾಕಿದರು. ಅಪ್ಪ ಹೂಡುತ್ತಿದ್ದ ಕುದುರೆಗಳ ಲಾಯದಲ್ಲಿ ಈಗ ಲಂಡನ್ನಿನ ದಂಪತಿ ಇದ್ದಾರೆ, ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಗೋಡೆಯ ಮೇಲೆ ಅಪ್ಪ ಸೀಮೆಸುಣ್ಣದಲ್ಲಿ ಬರೆದಿದ್ದ ಕುದುರೆಗಳ ಹೆಸರನ್ನು ಹಾಗೇ ಉಳಿಸಿಕೊಂಡು ಮೇಲೆ ಗಾಜು ಹಾಕಿಸಿದ್ದಾರೆ. ಆ ಹೆಂಗಸು ನನ್ನನ್ನು ಕರೆದು ತೋರಿಸಿ, “ಯಾರು ಬರೆದದ್ದೋ ಪಾಪ” ಎಂದಳು. ನಾನು ಟೀ ಕುಡಿದು ಬಂದೆ.

ಶಾಲೆಯ ಅಡುಗೆಮನೆ ಬಿಟ್ಟು ಆರು ವರ್ಷವಾಯಿತು. ಸಂಜೆ ತರಗತಿಗೆ ಹೋಗಿ ಹಳೆಯ ಕೈಬರಹ ಓದಲು ಕಲಿತೆ. ಮಂಗಳವಾರದ ಬಸ್ಸಿಗೆ ಪಟ್ಟಣದ ದಫ್ತರಖಾನೆಗೆ ಹೋಗಿ ನಮ್ಮೂರ ಧಣಿಗಳ ನ್ಯಾಯಸಭೆಯ ಸುರುಳಿಗಳನ್ನು ನಕಲು ಮಾಡುತ್ತೇನೆ. ಚರ್ಮದ ಹಾಳೆ, ಕಂದು ಮಸಿ. ಅಲ್ಲಿನ ಫೆನ್ ಎಂಬಾತ ಮೊದಲ ದಿನ, “ಕೈ ತೊಳ್ಕೊಂಡು ಬಂದಿದ್ದೀರಾ ಮಿಸ್ ಬೊರೆಟ್?” ಎಂದ. “ಮೂವತ್ತೆಂಟು ವರ್ಷ ಮಕ್ಕಳಿಗೆ ಬಡಿಸಿದ ಕೈ ಇದು. ಎಲ್ಲಿ, ನಿಮ್ಮ ಉಗುರು ತೋರಿಸಿ ನೋಡೋಣ” ಎಂದೆ. ಅಂದಿನಿಂದ ಅವನೇ ಸುರುಳಿ ಹೊತ್ತು ತಂದುಕೊಡುತ್ತಾನೆ.

ಹೋದ ವಾರ ನಮ್ಮ ಹೆಸರೇ ಸಿಕ್ಕಿತು. 1312ನೇ ಇಸವಿಯ ಸಾಲು: ರಾಬರ್ಟ್ ಬೊರೆಟ್, ಧಣಿಯ ಹುಟ್ಟುಜೀತದವನು, ಇಪ್ಸ್‌ವಿಚ್ಚಿನಲ್ಲಿ ವಾಸ. ಊರ ಹೊರಗಿರಲು ಅಪ್ಪಣೆಗಾಗಿ ಸೆಪ್ಟೆಂಬರ್ ಕೊನೆಗೆ ಬರುವ ಸಂತ ಮೈಕೆಲನ ಹಬ್ಬಕ್ಕೆ ವರ್ಷಕ್ಕೊಂದು ಪೆನ್ನಿ. ಕೊಟ್ಟವಳು ಅವನ ಅಕ್ಕ ಆಲಿಸ್. ನಮ್ಮ ಪೂರ್ವಿಕರೋ ಅಲ್ಲವೋ ದೇವರಿಗೇ ಗೊತ್ತು. ಆ ಪೆನ್ನಿಗೊಂದು ಹೆಸರಿದೆ, ಚೆವೇಜ್. ಅದು ಕರಣಿಕರ ಮಾತು. ಜನರ ಬಾಯಲ್ಲಿ ತಲೆಕಾಸು.

ಫಾರಂ ಬಂತು. ತುಂಬಿ ಕಳಿಸಿದೆ. ಬರೆಯಬೇಕಾದ್ದನ್ನೇ ಬರೆದಿದ್ದೇನೆ.

ಈನಿಡ್


ಗ್ಲಾಸ್ಗೊ
15 ಅಕ್ಟೋಬರ್ 1989

ಅಕ್ಕ,

ನಾಲ್ಕು ತಿಂಗಳು ಸಿಟ್ಟಿನಲ್ಲಿ ಕಾಗದ ಬರೆಯಲಿಲ್ಲ. ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಒಲೆಗೆ ಹಾಕು ಎಂದರೆ ತುಂಬಿ ಕಳಿಸಿದೆ. ಒಂದೇ ಒಂದು ಮನೆ, ಒಬ್ಬಳೇ ಹೆಂಗಸು, ಅವಳೂ ತಲೆ ಬಾಗಿಸಿದರೆ ಯಾರ ಮುಂದೆ ಹೇಳಲಿ? ನೀನು ಯಾವತ್ತೂ ಹಾಗೇ. ನಾನು ಗೇಟಿಗೆ ಕಾಗದ ಅಂಟಿಸುತ್ತಿದ್ದರೆ ನೀನು ಗೇಟು ಒರೆಸುತ್ತಿದ್ದೆ.

ಇಲ್ಲಿನ ಕತೆ ಕೇಳು. ಸೆಪ್ಟೆಂಬರಿನಲ್ಲಿ ಜಪ್ತಿ ಅಧಿಕಾರಿ ಬಂದ, ನಮ್ಮ ಸಾಮಾನಿಗೆ ಬೆಲೆ ಕಟ್ಟಲು. ರೀನಾ ಆಲೂಗಡ್ಡೆ ಹೆರೆಯುತ್ತಿದ್ದ ಚಾಕು ಹಿಡಿದೇ ಮೆಟ್ಟಿಲಿಗೆ ಅಡ್ಡ ಕುಳಿತಳು.

“ಬರ್ರಿ ಸಾಹೇಬ್ರ, ಮೊದ್ಲು ನನಗ ಬೆಲಿ ಕಟ್ರಿ. ಎರಡೂ ಮೊಣಕಾಲು ಹೋಗ್ಯಾವ, ಹಲ್ಲು ಕಟ್ಟಿಸಿದ್ದು. ಬಾಯೊಂದ್ ಗಟ್ಟಿ ಐತಿ.”

“ದಾರಿ ಬಿಡ್ರೀ ಅಮ್ಮಾ.”

“ದಾರಿ ಐತಲ್ಲ, ನಿಮ್ಮ ಹಿಂದ.”

ಅಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಬಂದು ಮೆಟ್ಟಿಲು ತುಂಬಿಬಿಟ್ಟರು. ಅವನು ಹೋದ. ಅವನ ಟೋಪಿ ಇಲ್ಲೇ ಉಳಿಯಿತು. ಎರಡನೇ ಮಹಡಿಯ ಕಿಟಕಿಗೆ ನೇತುಹಾಕಿದ್ದೇವೆ.

ಇನ್ನೊಂದು. ನಿನ್ನ ಆ ‘ಚೆವೇಜ್’ ಪದವನ್ನು ಸಭೆಯಲ್ಲಿ ಹೇಳಿದೆ. ರೀನಾ, “ಅದೇನ್ರೀ ಕ್ಲೆಮ್, ಗಡ್ಡ ಕೆರಿಯೋ ಬ್ಲೇಡಿನ ಹೆಸರಿದ್ದಂಗ ಐತಿ” ಎಂದಳು. ಎಲ್ಲರೂ ನಕ್ಕರು. ಜೀತದವನು ಬೇರೆ ಊರಲ್ಲಿ ದುಡಿದು ತಿನ್ನಲೂ ತನ್ನ ತಲೆಗೆ ತಾನೇ ಸುಂಕ ಕೊಡಬೇಕಿತ್ತು, ಕೊಟ್ಟರೂ ಜೀತ ತೀರುತ್ತಿರಲಿಲ್ಲ, ಊರ ಹಗ್ಗ ಕತ್ತಿನಲ್ಲೇ ಇರುತ್ತಿತ್ತು ಎಂದು ವಿವರಿಸಿದೆ. ನಗು ನಿಂತಿತು. ಈಗ ನಮ್ಮ ಬೋರ್ಡಿನ ಮೇಲೆ ಬರೆದಿದೆ: ‘ಚೆವೇಜ್ ಕೊಡೆವು’. ದಾರಿಹೋಕರು ನಿಂತು ಕೇಳುತ್ತಾರೆ. ಹೇಳಲು ಇನ್ನೂ ಬೇಕು. ಪದ ಎಲ್ಲಿಂದ ಬಂತು, ಎಲ್ಲಿ ಸತ್ತಿತು, ಬರೆದು ಕಳಿಸು. ಸಿಟ್ಟು ಸಿಟ್ಟಿನ ಜಾಗದಲ್ಲಿರಲಿ.

ಕ್ಲೆಮ್


ಬ್ರಾಕ್‌ಸ್ಟೆಡ್
21 ಜನವರಿ 1990

ಕ್ಲೆಮ್,

ಗೇಟು ಒರೆಸಿದ ಮಾತು ಓದಿದೆ. ಅದಕ್ಕೆ ಉತ್ತರ ಇದೆ, ಇವತ್ತು ಬರೆಯುವುದಿಲ್ಲ. ಪದದ ವಿಷಯ ಕೇಳಿದ್ದೀಯ, ಅದನ್ನು ಹೇಳುತ್ತೇನೆ.

ರೋಮಿನವರು ತಲೆಗೆ ‘ಕಾಪುತ್’ ಎನ್ನುತ್ತಿದ್ದರು. ಫ್ರಾನ್ಸಿನವರ ಬಾಯಲ್ಲಿ ಅದು ಸವೆದು ‘ಶೆಫ್’ ಆಯಿತು. ಕುದುರೆ ಹತ್ತಿ ಬಂದ ನಾರ್ಮನ್ ಧಣಿಗಳು ಆ ‘ಶೆಫ್’ನಿಂದ ತಲೆಸುಂಕಕ್ಕೊಂದು ಮಾತು ಕಟ್ಟಿ ನಮ್ಮ ಕತ್ತಿಗೆ ಹಾಕಿದರು. ಕರಣಿಕ ಅದನ್ನು ಮತ್ತೆ ಲ್ಯಾಟಿನ್ನಿಗೆ ಎಳೆದು ಬರೆದ. ನೂರೈವತ್ತು ವರ್ಷ ನಮ್ಮೂರ ಸುರುಳಿಗಳಲ್ಲಿ ಅದು ಹಬ್ಬದ ಹಾಗೆ ತಪ್ಪದೆ ಬರುತ್ತದೆ. ಆಮೇಲೆ ಜನ ಹೇಳದೆ ಕೇಳದೆ ಊರು ಬಿಡತೊಡಗಿದರು. ಒಂದು ಸುರುಳಿಯ ಅಂಚಿನಲ್ಲಿ ಹನ್ನೊಂದು ಹೆಸರು, ಎಲ್ಲದರ ಮುಂದೆ ಒಂದೇ ಮಾತು, ‘ಎಲ್ಲಿದ್ದಾನೆಂದು ತಿಳಿಯದು’. ಅಲ್ಲಿಂದ ಮುಂದೆ ಪದ ತೆಳ್ಳಗಾಗುತ್ತಾ ಹೋಗಿ ನಿಂತುಹೋಗುತ್ತದೆ. ಯಾರೂ ರದ್ದು ಮಾಡಲಿಲ್ಲ. ಕೊಡುವವರು ಇಲ್ಲವಾದರು, ಅಷ್ಟೇ. ಇದನ್ನು ನಿನ್ನ ಸಭೆಯಲ್ಲಿ ಹೇಳು.

ಅದರ ದಾಯಾದಿಗಳು ಬದುಕಿವೆ. ಹೋಟೆಲಿನ ದೊಡ್ಡ ಅಡುಗೆಯವನಿಗೆ ಶೆಫ್ ಎನ್ನುತ್ತಾರಲ್ಲ, ಅದೇ ತಲೆ. ಮೂವತ್ತೆಂಟು ವರ್ಷ ಸೌಟು ಹಿಡಿದ ನನಗೆ ಯಾರೂ ಹಾಗೆನ್ನಲಿಲ್ಲ, ‘ಊಟದ ಹೆಂಗಸು’ ಎಂದರು. ಚೀಫ್ ಅಂದರೂ ಅದೇ ತಲೆ. ಇನ್ನು ಕರ್ಚೀಫು. ಫ್ರಾನ್ಸಿನವರ ಮಾತಿನಲ್ಲಿ ‘ತಲೆ ಮುಚ್ಚು’ ಎಂದರ್ಥ. ಅದು ಮೂಗೊರೆಸುವ ಬಟ್ಟೆಯಾದದ್ದು ಆಮೇಲೆ. ಪೋಲ್ ಎಂದರೂ ತಲೆಯೇ, ಈ ಕಡೆಯ ಹಳೆ ಜನದ ಮಾತು. ವೋಟಿಗೆ ಪೋಲಿಂಗ್ ಎನ್ನುವುದೂ ತಲೆ ಎಣಿಸುವುದಕ್ಕೇ. ಎಣಿಸುವವರು ಎರಡು ಸಲ ಬರುತ್ತಾರೆ, ಕೇಳುವುದಕ್ಕೊಮ್ಮೆ, ಕೀಳುವುದಕ್ಕೊಮ್ಮೆ.

ಕರ್ಚೀಫಿನ ವಿಷಯ ಓದುತ್ತಿದ್ದಾಗ ಅವ್ವನ ನೀಲಿ ತಲೆಬಟ್ಟೆ ಕಣ್ಣಿಗೆ ಬಂತು. ಮೈಕೆಲನ ಹಬ್ಬದ ದಿನ ನಮ್ಮನ್ನು ಮೇಜಿಗೆ ಕೂರಿಸಿ, ಆ ಬಟ್ಟೆಯ ತುದಿಯ ಗಂಟು ಬಿಚ್ಚಿ, ತಲೆಗೊಂದು ಪೆನ್ನಿಯಂತೆ ಕಂದು ಹೂಜಿಗೆ ಹಾಕುತ್ತಿದ್ದಳಲ್ಲ, ನೆನಪಿದೆಯೇ? ನೀನೊಮ್ಮೆ ನಿನ್ನ ಪೆನ್ನಿ ಕದ್ದು ಮಿಠಾಯಿ ತಿಂದು ಅಪ್ಪನ ಕೈಯಲ್ಲಿ ಬೆಲ್ಟಿನೇಟು ತಿಂದೆ. ಯಾಕೆ ಹಾಕುತ್ತೀ ಎಂದರೆ ಅವ್ವನಿಗೂ ಗೊತ್ತಿರಲಿಲ್ಲ. “ನಮ್ಮವ್ವ ಹಾಕ್ತಿದ್ಲು, ನಾನು ಹಾಕ್ತೀನಿ, ಕೂತ್ಕೊಂಡು ತಿನ್ನು.” ಇದು ಆ ತಲೆಕಾಸಿನ ಪಳೆಯುಳಿಕೆಯೇ? ಫೆನ್‌ಗೆ ಹೇಳಿದರೆ ನಗುತ್ತಾನೆ, ಹಾಗಾಗಿ ಹೇಳಿಲ್ಲ. ನೀನು ಹೋದ ಮೇಲೂ ಅವ್ವ ಮೂರು ಪೆನ್ನಿ ಹಾಕುತ್ತಿದ್ದಳು. ಸಾಯುವ ವರ್ಷದವರೆಗೂ.

ಸುರುಳಿಯಲ್ಲಿ ಆಲಿಸ್ ಕೂಡ ಹತ್ತೊಂಬತ್ತು ವರ್ಷ ಬಿಡದೆ ಕೊಟ್ಟಿದ್ದಾಳೆ.

ಈನಿಡ್


ಗ್ಲಾಸ್ಗೊ
3 ಜೂನ್ 1990

ಈನಿಡ್,

ಇದನ್ನು ಅಕ್ಕ ಎಂದು ಶುರುಮಾಡಲು ಕೈ ಬರುತ್ತಿಲ್ಲ.

ಗುರುವಾರ ಅದೇ ಜಪ್ತಿ ಅಧಿಕಾರಿ ಬಂದ, ಹೊಸ ಟೋಪಿ ಹಾಕಿಕೊಂಡು. ಹೆಂಗಸರು ಮೆಟ್ಟಿಲು ತುಂಬಿದರು. ಅವನು ಮೇಲೆ ಹತ್ತಲೇ ಇಲ್ಲ. ಕೆಳಗೇ ನಿಂತು ಕಾಗದ ಬಿಚ್ಚಿ, ಎಲ್ಲರಿಗೂ ಕೇಳುವ ಹಾಗೆ ಓದಿದ: “ಕ್ಲೆಮೆಂಟ್ ಬೊರೆಟ್ ಅವರ ಎಲ್ಲಾ ಬಾಕಿ ರದ್ದು. ಇವರ ಕಾಯಂ ಮನಿ ಇಂಗ್ಲೆಂಡಿನ ಬ್ರಾಕ್‌ಸ್ಟೆಡ್ ಅಂತ ದಾಖಲಾಗೈತಿ. ಅಲ್ಲಿ ಇವರ ಹೆಸರಿನ್ಯಾಗ ಎರಡೂ ಕಂತು ತಪ್ಪದೆ ಸಂದಾಯ ಆಗ್ಯಾವ.” ಆಮೇಲೆ ಆ ಟೋಪಿ ತೆಗೆದು ನನಗೆ ತಲೆಬಾಗಿದ. “ಭಾಳ ಛಲೋ ನಾಗರಿಕರು ನೀವು.”

ಮೂವತ್ತು ಹೆಂಗಸರು. ಎಲ್ಲರ ಮುಖ ನನ್ನ ಕಡೆ ತಿರುಗಿತು. ಮೊದಲು ಬಾಯಿಬಿಟ್ಟವಳು ರೀನಾ:

“ಕ್ಲೆಮ್, ನಮಗ ಕಟ್ಟಬ್ಯಾಡ್ರಿ ಅಂತ ಹೇಳಿ ನೀವು ಹಿತ್ತಲ ಬಾಗಿಲಿಂದ ಕಟ್ಟೀರೇನು?”

“ನಾನು ಒಂದು ಪೆನ್ನೀನೂ ಕಟ್ಟಿಲ್ಲ ರೀನಾ.”

“ಮತ್ತ ಯಾರು ಕಟ್ಯಾರ? ಸಂತ ಮೈಕೆಲ್ ರೆಕ್ಕಿ ಬಿಚ್ಕೊಂಡ್ ಬಂದು ಕಟ್ಟಿದನೇನು?”

ಮೊದಲ ಮಹಡಿಯ ಐಲಿಶ್ ಎಂಬ ಹುಡುಗಿ ಕೂಸನ್ನೆತ್ತಿಕೊಂಡು ನನ್ನ ಮುಂದೆಯೇ ಹಾದುಹೋದಳು. ಅವಳ ಟಿ.ವಿ., ಹೊಲಿಗೆ ಯಂತ್ರ ಎರಡೂ ಜಪ್ತಿ ಪಟ್ಟಿಯಲ್ಲಿವೆ, ನನ್ನ ಮಾತು ಕೇಳಿ ಕಟ್ಟದೆ ಇದ್ದದ್ದಕ್ಕೆ. ಆಗಸ್ಟಿನ ಮಹಾಸಭೆಯವರೆಗೆ ನನ್ನನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದ್ದಾರೆ. ಅಷ್ಟರೊಳಗೆ ರುಜುವಾತು ತೋರಿಸಬೇಕು. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಕೆಲಸವಿಲ್ಲ. ಇವನು ಮಾತಿಗೆ ತಪ್ಪದ ಮನುಷ್ಯ ಎಂಬುದೊಂದಿತ್ತು.

ನನ್ನ ಹೆಸರನ್ನು ಆ ಫಾರಂನಲ್ಲಿ ಬರೆದವಳು ನೀನೇ ತಾನೆ? ಬುದ್ಧಿ ಮಂಕಾಗಿ ಬರೆದೆಯೋ, ನನ್ನನ್ನು ಅಣಕಿಸಲು ಬರೆದೆಯೋ?

ಕ್ಲೆಮ್


ಗ್ಲಾಸ್ಗೊ
24 ಜೂನ್ 1990

ಮೂರು ವಾರವಾಯಿತು. ಅಂಚೆ ನಾಲ್ಕು ದಿನದ್ದು.

ಕ್ಲೆಮ್


ಬ್ರಾಕ್‌ಸ್ಟೆಡ್
1 ಜುಲೈ 1990

ಕ್ಲೆಮ್,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಹೌದು, ನಾನೇ ಬರೆದೆ. ಬುದ್ಧಿ ಮಂಕಾಗಿಲ್ಲ.

1955ರ ಅಕ್ಟೋಬರಿನಲ್ಲಿ ನೀನು ರೈಲು ಹತ್ತಿದ ಆರನೇ ದಿನ, ಸೋಮವಾರ, ನಾನು ಬಟ್ಟೆ ಒಣಹಾಕುತ್ತಿದ್ದಾಗ ಧಣಿಯ ಕಾರಭಾರಿ ಪ್ಯಾಲಂಟ್ ಹಿತ್ತಲಿಗೆ ಬಂದ. ಒದ್ದೆ ಹಚ್ಚಡದ ಆ ಕಡೆ ಅವನು, ಈ ಕಡೆ ನಾನು. ಮುಖ ಕಾಣುತ್ತಿರಲಿಲ್ಲ, ಬೂಟು ಮಾತ್ರ ಕಾಣುತ್ತಿತ್ತು.

“ಈನಿಡ್, ನೀನು ತಿಳಿದೋಳು. ನಿಮ್ಮವ್ವ ಇರೋಗಂಟ ಮನೆ ಇಟ್ಕೊಳ್ಳಿ. ಆಮೇಲೂ ನೀನು ಇರ್ಬೋದು. ಒಂದೇ ಷರತ್ತು.”

“ಏನು ಸ್ವಾಮಿ?”

“ನಿನ್ನ ತಮ್ಮ ಈ ಸೂರಿನ ಕೆಳಗೆ ಒಂದು ದಿನವೂ ಮಲಗಬಾರದು. ಹೆಣ ನೋಡೋಕೆ ಬಂದ್ರೂ ಅಷ್ಟೇ. ಅವನು ಮಲಗಿದ ಮಾರನೇ ದಿನ ನೀವು ಬೀದಿಗೆ.”

“ಅವ್ವನಿಗೆ ಹೇಳ್ಬೇಕಾ?”

“ಅದು ನಿನ್ನಿಷ್ಟ. ಸಹಿ ಮಾತ್ರ ನಿಂದು.”

ಬಟ್ಟೆಯ ಪಿನ್ನನ್ನು ಬಾಯಲ್ಲಿ ಕಚ್ಚಿಕೊಂಡೇ ಸಹಿ ಹಾಕಿದೆ. ಅವ್ವನಿಗೆ ಹೇಳಲಿಲ್ಲ. ನಿನಗೂ ಹೇಳಲಿಲ್ಲ. ನೋಟಿಸು ಹಿಂದಕ್ಕೆ ಹೋದದ್ದು ನಿನ್ನ ಕರಪತ್ರಕ್ಕಲ್ಲ, ಕ್ಲೆಮ್. ಆ ಕರಪತ್ರವನ್ನು ಪ್ಯಾಲಂಟ್ ಓದಿರಲೂ ಇಲ್ಲ, ನೀನು ಅಂಟಿಸಿದೆ ಎಂದು ಯಾರೋ ಹೇಳಿದ್ದಷ್ಟೇ ಅವನಿಗೆ ಗೊತ್ತು. ಅದನ್ನು ಗೇಟಿನಿಂದ ಒರೆಸಿದವಳು ನಾನೇ, ನೀನು ಅಂಟಿಸಿದ ಬೆಳಗ್ಗೆಯೇ, ನಿನ್ನನ್ನು ಪೊಲೀಸರು ಹಿಡಿಯುತ್ತಾರೆಂಬ ಹೆದರಿಕೆಗೆ. ನೀನು ಸುಮ್ಮನೆ ಬಾಯಿಗೆ ಬಂದಂತೆ ಬರೆದ ಮಾತು ನಿಜವಾಗಿತ್ತು. ಅದಕ್ಕೇ ಜನವರಿಯಲ್ಲಿ ಉತ್ತರ ಬರೆಯಲಾಗಲಿಲ್ಲ.

ಅವ್ವ ಸತ್ತಾಗ ‘ಬರಬೇಡ’ ಎಂದು ತಂತಿ ಕೊಟ್ಟದ್ದು ಇದಕ್ಕೇ. ನೀನು ಬಂದಿದ್ದರೆ ಎಲ್ಲಿ ಮಲಗಿಸಲಿ? ಅವ್ವ ಕೊನೆಯ ವಾರ ಬಾಗಿಲು ನೋಡುತ್ತಾ, “ಅವನಿಗೆ ನಾವು ಬೇಡವಾದ್ವಿ, ಅಲ್ವೇನೇ?” ಎನ್ನುತ್ತಿದ್ದಳು. “ಹಡಗಿನ ಕೆಲಸ, ರಜೆ ಸಿಕ್ಕಲ್ಲ” ಎಂದೆ. ಸೂರು ಉಳಿಸಿಕೊಂಡೆ. ಸೂರಿನ ಕೆಳಗೆ ಮಲಗಿದವಳಿಗೆ ಸುಳ್ಳು ಹೇಳಿದೆ.

ಮೂರು ವರ್ಷದ ಹಿಂದೆ ಎಸ್ಟೇಟು ಒಡೆದು ಮನೆಗಳನ್ನು ಬಾಡಿಗೆಯವರಿಗೇ ಮಾರಿದರು. ಮನೆ ನನ್ನದಾಯಿತು. ಷರತ್ತಿನ ಕಾಗದ ಹಿಂದಕ್ಕೆ ಬಂತು, ಒಲೆಗೆ ಹಾಕಿದೆ. ಆವತ್ತೇ ನಿನಗೆ ಬಾ ಎಂದು ಬರೆಯಬೇಕಿತ್ತು. ಬರಬೇಡ ಎಂದವಳ ಕೈಯಿಂದ ಬಾ ಎಂಬ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಈ ಫಾರಂ ಬಂತು. ‘ಈ ಮನೆಯಲ್ಲಿರುವ ವಯಸ್ಕರ ಹೆಸರು’. ಮೊದಲ ಸಾಲಿನಲ್ಲಿ ಈನಿಡ್ ಬೊರೆಟ್ ಎಂದು ಬರೆದೆ. ಎರಡನೇ ಸಾಲು ಖಾಲಿ ಇತ್ತು. ಲೇಖನಿ ಕೈಯಲ್ಲೇ ಇತ್ತು. ಕ್ಲೆಮೆಂಟ್ ಬೊರೆಟ್ ಎಂದು ಬರೆದೆ. ಈ ಮನೆಯ ಯಾವ ಕಾಗದದ ಮೇಲೂ ಮೂವತ್ತನಾಲ್ಕು ವರ್ಷದಿಂದ ನಿನ್ನ ಹೆಸರಿರಲಿಲ್ಲ. ಹೊಡೆದುಹಾಕಲು ಪ್ಯಾಲಂಟ್ ಬದುಕಿರಲಿಲ್ಲ. ಕಟ್ಟದಿದ್ದರೆ ಹೆಸರು ತೆಗೆದುಬಿಡುತ್ತಾರೆ ಎಂಬ ಹೆದರಿಕೆಗೆ ಕಟ್ಟುತ್ತಾ ಬಂದೆ. ಅವ್ವ ಹೂಜಿಗೆ ಹಾಕುತ್ತಿದ್ದ ಹಾಗೆ. ನಿನ್ನ ಚಳವಳಿಗೆ ಅದು ಏಟಾಗುತ್ತದೆ ಎಂದು ಹೊಳೆಯಲೇ ಇಲ್ಲ.

ಈ ಕಾಗದವನ್ನು ನಿನ್ನ ಸಭೆಯಲ್ಲಿ ಓದು. ರೀನಾ ಎಂಬಾಕೆಗೆ ಮೊದಲು ಓದು. ಕರಪತ್ರದ ಭಾಗ ಬಿಟ್ಟು ಓದಬೇಕೆನಿಸಿದರೆ ಬಿಟ್ಟು ಓದು. ನಿನ್ನ ಕತೆ ಕೆಡಿಸಬೇಕೆಂದು ನನಗಿಲ್ಲ.

ಈನಿಡ್


ಗ್ಲಾಸ್ಗೊ
15 ಜುಲೈ 1990

ಅಕ್ಕ,

ಮಹಾಸಭೆಯವರೆಗೆ ಕಾಯಲಿಲ್ಲ. ಮೆಟ್ಟಿಲ ಮೇಲೆ ನಿಂತು ಓದಿದೆ. ಒಂದು ಅಕ್ಷರ ಬಿಡಲಿಲ್ಲ. ನಿಮ್ಮನ್ನು ಈ ಸಂಘಕ್ಕೆ ಸೇರಿಸಿಕೊಂಡ ಕತೆ ಸುಳ್ಳು, ನನಗೂ ಗೊತ್ತಿರಲಿಲ್ಲ, ಧಣಿ ನನಗೆ ಹೆದರಲಿಲ್ಲ, ನನ್ನ ಅಕ್ಕ ಬೆಲೆ ತೆತ್ತಳು ಎಂದೆ. ಸಹಿ ವಾಪಸು ತೆಗೆದುಕೊಳ್ಳುವವರು ತೆಗೆದುಕೊಳ್ಳಬಹುದು ಎಂದೆ.

ಯಾರೂ ಬರಲಿಲ್ಲ. ಐಲಿಶ್ ಮೂಗೊರೆಸಿಕೊಂಡು, “ಒದ್ದಿ ಹಚ್ಚಡದ ಭಾಗ ಇನ್ನೊಮ್ಮಿ ಓದ್ರಿ” ಎಂದಳು. ರೀನಾ, “ನಿಮ್ಮಕ್ಕ ಮುದುಕಿ ಭಾಳ ಘಾಟಿ ಅದಾಳ. ಆಕೀನ್ನ ಅಧ್ಯಕ್ಷಿ ಮಾಡಬೇಕಿತ್ತು, ನಿಮ್ಮನ್ನಲ್ಲ” ಎಂದಳು. ಆಮೇಲೆ ಒಂದು ತಟ್ಟೆ ಮಾಂಸದ ಖೀಮಾ, ಆಲೂಗಡ್ಡೆ ತಂದು ನನ್ನ ಬಾಗಿಲಲ್ಲಿಟ್ಟಳು. ಆರು ವಾರದಿಂದ ತಂದಿರಲಿಲ್ಲ.

ಈಗ ನನ್ನ ಸರದಿ. ನೀನು ಬರಬೇಡ ಎಂದರೂ ಅವ್ವನ ಮಣ್ಣಿಗೆ ಬಂದಿದ್ದೆ. ಚರ್ಚಿನ ಅಂಗಳದಲ್ಲಿ ದೊಡ್ಡ ಯೂ ಮರದ ಹಿಂದೆ ನಿಂತಿದ್ದೆ. ನೀನು ಅವ್ವನ ನೀಲಿ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡಿದ್ದೆ. ನಿನ್ನ ಪಕ್ಕದಲ್ಲಿ ಪ್ಯಾಲಂಟ್ ಟೋಪಿ ಹಿಡಿದು ನಿಂತಿದ್ದ. ಅಕ್ಕ ಅವರ ಕಡೆ ಸೇರಿಬಿಟ್ಟಳು ಎಂದುಕೊಂಡು ಮುಂದಿನ ರೈಲಿಗೆ ಹೊರಟುಬಿಟ್ಟೆ. ಇಪ್ಪತ್ತೇಳು ವರ್ಷ ಅದೇ ಚಿತ್ರ ಕಣ್ಣಲ್ಲಿಟ್ಟುಕೊಂಡಿದ್ದೆ.

ಆರು ತಿಂಗಳಲ್ಲಿ ನಿಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತೇನೆ ಎಂದಿದ್ದೆನಲ್ಲ, ಆ ಹಣ ಕೂಡಿಸಿದ್ದೆ. ರೈಲಿನ ಖರ್ಚು, ಒಂದು ಕೋಣೆಯ ಮುಂಗಡ. 1956ರ ಚಳಿಗಾಲದಲ್ಲಿ ಅಷ್ಟನ್ನೂ ಕುಡಿದೆ. ಮೊದಲ ಕಾಗದದ ಪಟ್ಟಿಯಲ್ಲಿ ಇದನ್ನು ಬಿಟ್ಟಿದ್ದೆ. ಸೇರಿಸಿಕೋ.

ಇನ್ನು ನನ್ನ ತಲೆಗೆ ಕಟ್ಟಬೇಡ. ಹೆಸರು ತೆಗೆದರೆ ತೆಗೆಯಲಿ.

ಕ್ಲೆಮ್


ಬ್ರಾಕ್‌ಸ್ಟೆಡ್
23 ಸೆಪ್ಟೆಂಬರ್ 1990

ಕ್ಲೆಮ್,

ಯೂ ಮರದ ಹತ್ತಿರ ಹೋಗಿ ನೋಡಿಬಂದೆ. ಅದರ ಹಿಂದೆ ನಿಂತರೆ ನಿಜಕ್ಕೂ ಯಾರೂ ಕಾಣುವುದಿಲ್ಲ.

ನಿನ್ನ ಕಾಗದ ಬರುವ ಮೊದಲೇ ನಾನು ಕಟ್ಟುವುದನ್ನು ನಿಲ್ಲಿಸಿದ್ದೆ. ನಿನ್ನದೂ, ನನ್ನದೂ. ಚಳವಳಿಯ ಯೋಚನೆಯಿಂದಲ್ಲ. ಆಲಿಸ್‌ಳ ದೆಸೆಯಿಂದ. ಜುಲೈನ ಒಂದು ಮಂಗಳವಾರ 1331ರ ಸುರುಳಿ ಬಿಚ್ಚಿದೆ. ಹತ್ತೊಂಬತ್ತು ವರ್ಷ ಕೊಟ್ಟವಳು ಆ ವರ್ಷ ಕೊಟ್ಟಿಲ್ಲ. ಕರಣಿಕ ಬರೆದಿದ್ದಾನೆ: ‘ತಲೆಕಾಸು ಬಂದಿಲ್ಲ. ಆದಕಾರಣ ರಾಬರ್ಟನನ್ನು ದೇಹಸಮೇತ ಮುಂದಿನ ಸಭೆಗೆ ಹಾಜರುಪಡಿಸತಕ್ಕದ್ದು.’ ಕೊಡುವವರೆಗೆ ಅವನು ಊರ ಹೊರಗೆ. ಕೊಡದಿದ್ದರೆ ಧಣಿಯೇ ಕರೆಸಬೇಕು. ಕಾಯ್ದೆ ಅದೇ. ಬಡತನಕ್ಕೆ ನಿಲ್ಲಿಸಿದಳು ಎನ್ನುತ್ತಾನೆ ಫೆನ್. “ಅವಳ ಹತ್ರ ಆ ವರ್ಷ ಎರಡು ಹಸು ಇದ್ವು, ಇಲ್ಲೇ ಬರೆದಿದೆ ನೋಡಿ” ಎಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ. ಮುಂದಿನ ಹಾಳೆಯನ್ನು ಇಲಿ ತಿಂದಿದೆ. ರಾಬರ್ಟ್ ಬಂದನೋ ಇಲ್ಲವೋ ತಿಳಿಯದು.

ನೆನಪೋಲೆ ಬಂತು, ಎಚ್ಚರಿಕೆ ಬಂತು. ನಿನ್ನೆ ಒಂದೇ ಅಂಚೆಯಲ್ಲಿ ಎರಡು ಸಮನ್ಸು. ಒಂದು ಈನಿಡ್ ಬೊರೆಟ್, ಇನ್ನೊಂದು ಕ್ಲೆಮೆಂಟ್ ಬೊರೆಟ್. ಅಂಚೆಯವನು, “ನಿಮ್ಮನೇಲಿ ಗಂಡಸರು ಯಾರಿದ್ದಾರೆ ಮಿಸ್ ಬೊರೆಟ್?” ಎಂದ. “ನನ್ನ ತಮ್ಮ. ಹೊರಗೆ ಹೋಗಿದ್ದಾನೆ” ಎಂದೆ. “ಯಾವಾಗ ಬರ್ತಾರೆ?” “ಸಮನ್ಸು ನೀನೇ ತಂದಿದ್ದೀಯಲ್ಲ, ಓದಿ ಹೇಳು.”

ನಿನ್ನದನ್ನು ಇದರೊಳಗಿಟ್ಟಿದ್ದೇನೆ. ತಾರೀಕು ನೋಡು. ಹಳೇ ಪಂಚಾಂಗದ ಮೈಕೆಲನ ಹಬ್ಬ, ಹೊಲದಾಳುಗಳು ಗಾಡಿಗೆ ಪಾತ್ರೆ ಪಗಡೆ ಹೇರಿಕೊಂಡು ಮನೆ ಬಿಡುತ್ತಿದ್ದ ದಿನ. ನೀನು ಬಿಟ್ಟದ್ದೂ ಆವತ್ತೇ. ಮ್ಯಾಜಿಸ್ಟ್ರೇಟ್ ಏನು ಮಾಡುತ್ತಾರೋ ಗೊತ್ತಿಲ್ಲ. ಜೈಲು ಎಂದೂ ಹೇಳುತ್ತಾರೆ. ನನಗೆ ಹೆದರಿಕೆಯಿದೆ, ಸುಳ್ಳು ಹೇಳುವುದಿಲ್ಲ. ಹಸಿರು ಕೋಟು ತೊಳೆದು ಹಾಕಿದ್ದೇನೆ. ನೀನು ಬಾರದಿದ್ದರೂ ನಾನು ಹೋಗುತ್ತೇನೆ. ಹೆಸರು ಕೂಗಿದಾಗ ನಿನ್ನದಕ್ಕೂ ನಾನೇ ಓಗೊಡಬೇಕೇ ಎಂಬುದನ್ನು ಮಾತ್ರ ತಿಳಿಸು.

ಈನಿಡ್


ಗ್ಲಾಸ್ಗೊ
30 ಸೆಪ್ಟೆಂಬರ್ 1990

ಅಕ್ಕ,

ಬೇಡ. ನನ್ನ ಹೆಸರಿಗೆ ನಾನೇ ಓಗೊಡುತ್ತೇನೆ.

ರೀನಾ, ಐಲಿಶ್, ಇನ್ನು ನಾಲ್ಕು ಜನ ಬಾಡಿಗೆ ವ್ಯಾನಿನಲ್ಲಿ ಬೋರ್ಡು ಹೇರಿಕೊಂಡು ಹಿಂದಿನಿಂದ ಬರುತ್ತಾರೆ. ಬೋರ್ಡಿನ ಮೇಲೆ ಅದೇ ಪದ. ರೀನಾ ತನ್ನ ಖೀಮಾ ಡಬ್ಬಿ ತರುತ್ತಾಳಂತೆ, “ಇಂಗ್ಲಿಷರ ಮನಿಯಾಗ ಏನ್ ಹಾಕ್ತಾರೋ ಯಾರಿಗ್ ಗೊತ್ತು.” ಬೇಸರ ಮಾಡಿಕೊಳ್ಳಬೇಡ, ರಸ್ಕು ಕೊಟ್ಟರೆ ಸುಮ್ಮನಾಗುತ್ತಾಳೆ. ನಾನು ಮಾತ್ರ ಒಂದು ದಿನ ಮೊದಲೇ ಬರುತ್ತೇನೆ. ಬುಧವಾರ ಸಂಜೆ ಆರರ ಬಸ್ಸಿಗೆ, ಚರ್ಚಿನ ಮುಂದೆ ಇಳಿಯುತ್ತೇನೆ. ಮರದ ಹಿಂದೆ ನಿಲ್ಲುವುದಿಲ್ಲ. ಹೂಜಿಯನ್ನು ಮೇಜಿನ ಮೇಲೆ ಇಟ್ಟಿರು, ನಾನು ತಿಂದ ಪೆನ್ನಿಯೊಂದು ಬಾಕಿ ಇದೆ. ಕಿಟಕಿಯ ಪಕ್ಕದ ನನ್ನ ಮಂಚ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ನೆಲದ ಮೇಲೆ, ಆ ಸೂರಿನ ಕೆಳಗೆ ಮಲಗುತ್ತೇನೆ. ಬೆಳಗ್ಗೆ ಇಬ್ಬರೂ ಒಂದೇ ಬಾಗಿಲಿನಿಂದ ಹೊರಡೋಣ.

ಹಾಲ್ಸ್‌ಬರಿ ನ್ಯಾಯಾಲಯದ ಮೆಟ್ಟಿಲು. ಗುರುವಾರ, ಅಕ್ಟೋಬರ್ ಹನ್ನೊಂದು, ಬೆಳಗ್ಗೆ ಹತ್ತು ಗಂಟೆ.

ಕ್ಲೆಮ್